ಗೋಲ್ಡ್‌ಫಿಶ್‌ಗೆ ಎಷ್ಟು ದೊಡ್ಡ ಟ್ಯಾಂಕ್ ಬೇಕು?

ಗೋಲ್ಡ್‌ಫಿಶ್ ತಾನಿರುವ ಟ್ಯಾಂಕಿನ ಅಳತೆಗೆ ತಕ್ಕಷ್ಟೇ ಬೆಳೆಯುತ್ತದೆ ಎಂಬ ಮಾತು ಮೀನು ಕೊಳ್ಳಲು ಹೋದವರ ಕಿವಿಗೆ ಮೊದಲು ಬೀಳುತ್ತದೆ. ಚಿಕ್ಕ ಬೌಲಿನಲ್ಲಿ ಬಿಟ್ಟರೆ ಚಿಕ್ಕದಾಗಿಯೇ ಉಳಿಯುತ್ತದೆ, ದೊಡ್ಡದರಲ್ಲಿ ಬಿಟ್ಟರೆ ದೊಡ್ಡದಾಗುತ್ತದೆ. ಹಾಗಾಗಿ ಮನೆಯಲ್ಲಿರುವ ಜಾಗ ನೋಡಿಕೊಂಡು ಗಾಜು ಕೊಂಡರೆ ಸಾಕು, ಉಳಿದದ್ದಕ್ಕೆ ಮೀನೇ ಹೊಂದಿಕೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ. ಮಾತು ಪೂರ್ತಿ ಸುಳ್ಳಲ್ಲ, ಅದಕ್ಕೇ ಇಷ್ಟು ಕಾಲ ಬಾಳಿದೆ. ಇಕ್ಕಟ್ಟಿನಲ್ಲಿ ಸಾಕಿದ ಗೋಲ್ಡ್‌ಫಿಶ್ ನಿಜಕ್ಕೂ ಗಿಡ್ಡವಾಗಿ ಉಳಿಯುವುದುಂಟು. ಆದರೆ ಅದನ್ನು ತಡೆದು ನಿಲ್ಲಿಸುವುದು ನೀರು. ಕಡಿಮೆ ನೀರು ಬೇಗ ಕೆಡುತ್ತದೆ, ಕೆಟ್ಟ ನೀರಿನಲ್ಲಿ ಮೀನಿನ ಬೆಳವಣಿಗೆ ಕುಗ್ಗುತ್ತದೆ. ಗಾಜಿನ ಅಳತೆಗೂ ಮೀನಿನ ಉದ್ದಕ್ಕೂ ಇರುವ ನಂಟು ಇಷ್ಟೇ. ಇದನ್ನು ಹೀಗೆ ಅರ್ಥ ಮಾಡಿಕೊಂಡರೆ ಇನ್ನೊಂದು ಸಂಗತಿಯೂ ಹೊಳೆಯುತ್ತದೆ: ನೀರಿನ ಗುಣ ಊರಿಂದೂರಿಗೆ ಬೇರೆ. ಕೇರಳದ ಕರಾವಳಿಯ ನಮ್ಮ ಹೊಸಂಗಡಿ, ಮಂಜೇಶ್ವರ, ಉಪ್ಪಳದ ಕಡೆಯ ಮುರಕಲ್ಲಿನ ಬಾವಿಯ ನೀರು, ಇಲ್ಲಿನ ಸೆಕೆ, ಇಲ್ಲಿನ ಮಳೆಗಾಲ ಇವನ್ನೆಲ್ಲ ಸೇರಿಸಿ ನೋಡಿದರೆ, ತಂಪು ದೇಶದವರು ಬರೆದ ಪುಸ್ತಕಗಳು ಸಾಕು ಎನ್ನುವ ಅಳತೆ ನಮ್ಮಲ್ಲಿ ಸಾಲದು.

ಮೊದಲು ಮೀನಿನ ಸ್ವಭಾವ. ಗೋಲ್ಡ್‌ಫಿಶ್ ಗೆಂಡೆ ಮೀನಿನ ಕುಲದ್ದು. ಸಾವಿರ ವರ್ಷಗಳಿಗೂ ಹಿಂದೆ ಚೀನಾದಲ್ಲಿ ಕೊಳದ ಮೀನುಗಳ ನಡುವೆ ಕಾಣಿಸಿಕೊಂಡ ಕೆಂಪು, ಹಳದಿ ಬಣ್ಣದವನ್ನು ಆರಿಸಿ ಸಾಕುತ್ತ ಬಂದದ್ದರ ಫಲ ಇದು. ಹದಿನೇಳನೆಯ ಶತಮಾನದಲ್ಲಿ ಜಪಾನಿಗೂ ಯುರೋಪಿಗೂ ಹೋಯಿತು. ಅದರ ಮೂಲ ಮನೆ ತಂಪು ಕೊಳ. ಒಂಟಿ ಬಾಲದ ಸಾಮಾನ್ಯ ಜಾತಿ ಮತ್ತು ಕಾಮೆಟ್, ಅನುಕೂಲವಿದ್ದರೆ 25ರಿಂದ 30 ಸೆಂಟಿಮೀಟರ್ ಉದ್ದ ಬೆಳೆಯುತ್ತವೆ. ಒರಾಂಡಾ, ರ್‍ಯೂಕಿನ್, ಬ್ಲ್ಯಾಕ್ ಮೂರ್ ಮುಂತಾದ ಉರುಟು ಮೈಯ, ಜೋಡಿ ಬಾಲದ ತಳಿಗಳು 15ರಿಂದ 20 ಸೆಂಟಿಮೀಟರ್ ಮುಟ್ಟುತ್ತವೆ. ಆಯುಸ್ಸೂ ಕಡಿಮೆಯದಲ್ಲ, ಚೆನ್ನಾಗಿ ನೋಡಿಕೊಂಡರೆ ಹತ್ತು ಹದಿನೈದು ವರ್ಷ ಬಾಳುವುದು ಸಾಮಾನ್ಯ. ಅಂಗಡಿಯಲ್ಲಿ ಕಾಣುವ ನಾಲ್ಕೈದು ಸೆಂಟಿಮೀಟರಿನ ಮೀನು ಕೆಲವು ತಿಂಗಳ ಮರಿ ಮಾತ್ರ. ಕೊಳ್ಳುವವರು ಆ ಮರಿಯ ಅಳತೆಗೆ ಟ್ಯಾಂಕ್ ಆರಿಸುತ್ತಾರೆ, ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಈ ಮೀನಿನ ಬೆಳವಣಿಗೆಗೆ ಎಲ್ಲಿಯವರೆಗೆ ಅವಕಾಶವಿದೆ ಎಂಬುದಕ್ಕೆ ಸಾಕ್ಷಿ ಮನೆಯ ಹೊರಗೆ ಸಿಗುತ್ತದೆ. ನೆದರ್‌ಲೆಂಡ್ಸ್‌ನಲ್ಲಿ 2003ರಲ್ಲಿ ಅಳೆದ ಒಂದು ಗೋಲ್ಡ್‌ಫಿಶ್ 47.4 ಸೆಂಟಿಮೀಟರ್ ಉದ್ದವಿದ್ದು ಗಿನ್ನೆಸ್ ದಾಖಲೆಗೆ ಸೇರಿತು. ಅಮೆರಿಕದ ಮಿನೆಸೋಟಾ ರಾಜ್ಯದ ಬರ್ನ್ಸ್‌ವಿಲ್ ನಗರದ ಕೆರೆಯೊಂದರಲ್ಲಿ 2021ರ ಜುಲೈಯಲ್ಲಿ ಫುಟ್‌ಬಾಲ್ ಗಾತ್ರದ ಗೋಲ್ಡ್‌ಫಿಶ್‌ಗಳು ಸಿಕ್ಕಿದಾಗ, ಸಾಕಿದ ಮೀನನ್ನು ಕೆರೆಗೆ ತಂದು ಬಿಡಬೇಡಿ ಎಂದು ನಗರಾಡಳಿತವೇ ಜನರನ್ನು ಕೇಳಿಕೊಳ್ಳಬೇಕಾಯಿತು. ಪಶ್ಚಿಮ ಆಸ್ಟ್ರೇಲಿಯಾದ ವಾಸ್ ನದಿಯಲ್ಲೂ ಹೀಗೆ ಬಿಟ್ಟ ಮೀನುಗಳು ಸಂಸಾರ ಹೂಡಿ, ಅತಿ ವೇಗವಾಗಿ ಬೆಳೆದದ್ದನ್ನು ಅಲ್ಲಿನ ವಿಜ್ಞಾನಿಗಳು ದಾಖಲಿಸಿದ್ದಾರೆ. ಇವೆಲ್ಲ ಬೇರೆ ತಳಿಯ ದೈತ್ಯರಲ್ಲ; ಬೌಲಿನಲ್ಲಿ ಇಟ್ಟು ಸಾಕುವ ಅದೇ ಮೀನಿನ ವಂಶ. ಚಿಕ್ಕದಾಗಿರುವುದು ಗೋಲ್ಡ್‌ಫಿಶ್‌ನ ಹುಟ್ಟುಗುಣವಲ್ಲ ಎಂಬುದಕ್ಕೆ ಬೇರೆ ಪುರಾವೆ ಬೇಡ.

ಬೆಳವಣಿಗೆಯನ್ನು ತಡೆಯುವುದು ಯಾವುದು?

ಹಾಗಾದರೆ ಬೌಲಿನಲ್ಲಿ ಅದು ಯಾಕೆ ಬೆಳೆಯುವುದಿಲ್ಲ? ಈ ಪ್ರಶ್ನೆಯನ್ನು ಪ್ರಯೋಗಾಲಯದಲ್ಲಿ ಕೇಳಿದವರಿದ್ದಾರೆ, ಅವರಿಗೆ ಸಿಕ್ಕ ಉತ್ತರಗಳು ಒಂದೇ ದಾರಿಯಲ್ಲಿ ಸಾಗಲಿಲ್ಲ. ಶಿಕಾಗೊ ವಿಶ್ವವಿದ್ಯಾಲಯದ ಡಬ್ಲ್ಯು. ಸಿ. ಆಲೀ ಮತ್ತು ಸಂಗಡಿಗರು 1934ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇರೆ ಗೋಲ್ಡ್‌ಫಿಶ್‌ಗಳು ಸ್ವಲ್ಪ ಹೊತ್ತು ಇದ್ದು ಹೋದ ನೀರಿನಲ್ಲಿ ಮರಿಗಳು ಹೊಸ ನೀರಿಗಿಂತ ಚೆನ್ನಾಗಿ ಬೆಳೆದವು. ಹಳೆಯ ಮೀನುಗಳು ಉಗುಳಿದ ಆಹಾರದ ಕಣಗಳು ಮರಿಗಳಿಗೆ ದಕ್ಕಿದ್ದು ಅದಕ್ಕೊಂದು ಕಾರಣ. ಇನ್ನೊಂದು ಕಡೆ, ಕಿಕ್ಕಿರಿದ ಗೋಲ್ಡ್‌ಫಿಶ್ ಮತ್ತು ಸಾಮಾನ್ಯ ಗೆಂಡೆಗಳಿಂದ ಬೆಳವಣಿಗೆಗೆ ತಡೆಯೊಡ್ಡುವ ಅಂಶವೊಂದನ್ನು ಭಾಗಶಃ ಬೇರ್ಪಡಿಸಿದ ವರದಿ 1974ರಲ್ಲಿ ಬಂತು. ಮೇಲ್ನೋಟಕ್ಕೆ ಎದುರುಬದುರಾಗಿ ಕಾಣುವ ಈ ಎರಡು ಫಲಿತಾಂಶಗಳಲ್ಲಿ ಸಾಕುವವರಿಗೆ ಬೇಕಾದ ಒಂದು ಸಮಾನ ಅಂಶವಿದೆ. ಒಳ್ಳೆಯದಾಗಲಿ ಕೆಟ್ಟದ್ದಾಗಲಿ, ಪರಿಣಾಮ ಮೀನನ್ನು ಮುಟ್ಟುವುದು ನೀರಿನ ಮೂಲಕ. ನೀರಿನಲ್ಲಿ ಕರಗಿದ್ದನ್ನು ತೆಳುವಾಗಿಸಬಹುದು, ತೆಗೆದು ಬದಲಿಸಬಹುದು. ಗಾಜಿನ ಗೋಡೆಯೇ ಕಾರಣವಾಗಿದ್ದರೆ ನೀರು ಬದಲಿಸಿ ಪ್ರಯೋಜನವಿರುತ್ತಿರಲಿಲ್ಲ.

ಇದಕ್ಕಿಂತ ಹತ್ತಿರದ ಸಾಕ್ಷಿ ನಮ್ಮ ದೇಶದ ಮೀನು ಕೃಷಿಯಲ್ಲೇ ಇದೆ. ಆಂಧ್ರದ ಮೀನುಕೆರೆಗಳಿಗೆ ಬಿಡುವ ಕಾಟ್ಲಾ, ರೋಹು ಮರಿಗಳನ್ನು ಬೇಕೆಂದೇ ಒತ್ತೊತ್ತಾಗಿ, ಕಡಿಮೆ ಆಹಾರ ಕೊಟ್ಟು, ಹಲವು ತಿಂಗಳು ಕುಗ್ಗಿಸಿ ಇಡುವ ಪದ್ಧತಿಯಿದೆ. ವರ್ಷ ತುಂಬಿದ ಆ ಗಿಡ್ಡ ಮರಿಗಳನ್ನು ವಿಶಾಲವಾದ ಕೆರೆಗೆ ಬಿಟ್ಟು ಹೊಟ್ಟೆ ತುಂಬ ಹಾಕಿದಾಗ, ತಪ್ಪಿಹೋದ ಬೆಳವಣಿಗೆಯನ್ನು ಅವು ಭರದಿಂದ ತುಂಬಿಕೊಳ್ಳುತ್ತವೆ. ಗೋಲ್ಡ್‌ಫಿಶ್‌ನ ದಾಯಾದಿಗಳೇ ಆದ ಈ ಮೀನುಗಳಿಂದ ಎರಡು ಪಾಠ ಸಿಗುತ್ತವೆ. ಒಂದು, ಗಿಡ್ಡವಾಗುವುದು ಹೊಂದಾಣಿಕೆಯಲ್ಲ, ಬೆಳವಣಿಗೆ ತಡೆದು ನಿಂತ ಸ್ಥಿತಿ. ತಡೆ ತೆಗೆದರೆ ಅದು ಮುಂದುವರಿಯುತ್ತದೆ. ಎರಡು, ದೇಹ ಕುಗ್ಗಿದರೂ ಒಳಗಿನ ಅಂಗಗಳು ಬೆಳೆಯುತ್ತಲೇ ಹೋಗಿ ಮೀನು ಒಳಗೇ ಒಡೆದು ಸಾಯುತ್ತದೆ ಎಂದು ಕೆಲವು ಮೀನುಪ್ರಿಯರು ಹೆದರಿಸುವುದುಂಟು, ಆ ಮಾತಿಗೆ ಬುಡವಿಲ್ಲ. ಹಾಗೆ ಆಗುವುದಾದರೆ ಕುಗ್ಗಿಸಿದ ಕಾಟ್ಲಾ ಕೆರೆ ಸೇರುವ ಮೊದಲೇ ಸಾಯಬೇಕಿತ್ತು. ಚಿಕ್ಕ ಬೌಲನ್ನು ವಿರೋಧಿಸಲು ಕಟ್ಟುಕತೆ ಬೇಡ, ಸರಳ ಲೆಕ್ಕವೇ ಸಾಕು.

ಒಂದು ಗ್ರಾಂ ಆಹಾರದ ಲೆಕ್ಕ

ಮೀನು ತಿಂದ ಪ್ರೋಟೀನಿನ ಕಸ ಬಹುಪಾಲು ಅಮೋನಿಯಾ ಆಗಿ ಕಿವಿರಿನಿಂದ ನೀರಿಗೆ ಬರುತ್ತದೆ. ಶೇಕಡಾ 40ರಷ್ಟು ಪ್ರೋಟೀನ್ ಇರುವ ಒಂದು ಗ್ರಾಂ ಆಹಾರದಿಂದ ಸುಮಾರು 37 ಮಿಲಿಗ್ರಾಂ ಅಮೋನಿಯಾ ಸಾರಜನಕ ಹುಟ್ಟುತ್ತದೆಂಬುದು ಮೀನು ಕೃಷಿಯಲ್ಲಿ ರೂಢಿಯಲ್ಲಿರುವ ಅಂದಾಜು. ಹತ್ತು ಸೆಂಟಿಮೀಟರಿನ ಎರಡು ಗೋಲ್ಡ್‌ಫಿಶ್ ದಿನಕ್ಕೆ ಹೆಚ್ಚುಕಡಿಮೆ ಅಷ್ಟು ತಿನ್ನುತ್ತವೆ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕಿಗೆ ಲೆಕ್ಕದಲ್ಲಿ 57 ಲೀಟರ್. ಕಲ್ಲು ಮರಳು ಹಾಕಿ, ಮೇಲೆ ಜಾಗ ಬಿಟ್ಟರೆ ನಿಜವಾಗಿ ಹಿಡಿಯುವುದು 50 ಲೀಟರ್. ಅಲ್ಲಿ ಲೀಟರಿಗೆ ದಿನಕ್ಕೆ 0.7 ಮಿಲಿಗ್ರಾಂಗಿಂತ ತುಸು ಹೆಚ್ಚು ಅಮೋನಿಯಾ ಸೇರುತ್ತದೆ. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಟ್ಯಾಂಕಿನಲ್ಲಿ ನಿಜವಾದ ನೀರು 165 ಲೀಟರಿನಷ್ಟು. ಅಲ್ಲಿ ಸೇರುವುದು 0.2 ಮಿಲಿಗ್ರಾಂ ಚಿಲ್ಲರೆ. ಬೌಲಿನಲ್ಲಿ ಇಷ್ಟು ದೊಡ್ಡ ಮೀನು ಇರುವುದಿಲ್ಲ, ನಿಜ. ಐದು ಸೆಂಟಿಮೀಟರಿನ ಎರಡು ಮರಿಗಳು ಇದರ ಎಂಟನೆಯ ಒಂದು ಪಾಲು ತಿಂದರೂ ಐದು ಲೀಟರಿನ ಬೌಲಿನಲ್ಲಿ ಲೀಟರಿಗೆ 0.9 ಮಿಲಿಗ್ರಾಂ ಆಗುತ್ತದೆ. ಬೌಲಿನ ಪುಟ್ಟ ಮರಿ ಎರಡಡಿ ಟ್ಯಾಂಕಿನ ದೊಡ್ಡ ಮೀನಿಗಿಂತ ಕೆಟ್ಟ ನೀರಿನಲ್ಲಿ ಬದುಕುತ್ತಿದೆ ಎಂದಾಯಿತು.

ಮೇಲಿನ ಲೆಕ್ಕದಲ್ಲಿ ಎಂಟನೆಯ ಒಂದು ಪಾಲು ಎಂದದ್ದೂ ಸುಮ್ಮನಲ್ಲ. ಮೀನಿನ ಉದ್ದ ಎರಡುಪಟ್ಟಾದರೆ ತೂಕ ಸುಮಾರು ಎಂಟುಪಟ್ಟಾಗುತ್ತದೆ, ಮೂರುಪಟ್ಟಾದರೆ ಇಪ್ಪತ್ತೇಳುಪಟ್ಟು. ಒಂದು ಇಂಚು ಮೀನಿಗೆ ಒಂದು ಗ್ಯಾಲನ್ ನೀರು ಎಂಬ ಹಳೆಯ ಸೂತ್ರ ಗೋಲ್ಡ್‌ಫಿಶ್‌ನ ಮಟ್ಟಿಗೆ ಸೋಲುವುದು ಇಲ್ಲೇ. ಆ ಸೂತ್ರದಂತೆ ಆರು ಇಂಚಿನ ಒಂದು ಮೀನೂ ಒಂದೊಂದು ಇಂಚಿನ ಆರು ಮೀನೂ ಸಮ. ನಿಜದಲ್ಲಿ ಆರು ಇಂಚಿನ ಒಂದು ಮೀನಿನ ತೂಕ ಒಂದಿಂಚಿನ ಇನ್ನೂರು ಮರಿಗಳ ತೂಕವನ್ನು ಮೀರುತ್ತದೆ. ಕೊಂಡ ದಿನ ಸರಿಯಾಗಿದ್ದ ಟ್ಯಾಂಕ್ ವರ್ಷ ಕಳೆಯುವುದರೊಳಗೆ ಸಾಲದಾಗುವುದು ಹೀಗೆ.

ಫಿಲ್ಟರಿನ ಸ್ಪಂಜಿನಲ್ಲಿ, ಮರಳಿನಲ್ಲಿ ನೆಲೆಸುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿಯೂ, ಅದನ್ನು ಅಷ್ಟೇನೂ ವಿಷವಲ್ಲದ ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ಚೆನ್ನಾಗಿ ಕೂತ ಫಿಲ್ಟರ್ ಇದ್ದರೆ ಚಿಕ್ಕ ಟ್ಯಾಂಕ್ ಆದರೇನು ಎಂದು ಕೇಳಬಹುದು. ಬೇರೆ ಊರಿನಲ್ಲಾದರೆ ಆ ಪ್ರಶ್ನೆಗೆ ಅರ್ಧ ಒಪ್ಪಿಗೆ ಕೊಡಬಹುದಿತ್ತು. ಹೊಸಂಗಡಿಯಲ್ಲಿ ಕಷ್ಟ, ಅದಕ್ಕೆ ಕಾರಣ ಕಾಲ ಕೆಳಗಿನ ಮುರಕಲ್ಲು.

ಹೊಸಂಗಡಿಯ ನೀರು, ಹೊಸಂಗಡಿಯ ಸೆಕೆ

ಕರಾವಳಿಯ ಮುರಕಲ್ಲಿನ ನೆಲದಲ್ಲಿ ಸುಣ್ಣದ ಅಂಶ ತೀರ ಕಡಿಮೆ. ಜೋರು ಮಳೆ ಆ ಕಲ್ಲಿನ ಮೂಲಕ ಇಳಿದು ಬಾವಿ ಸೇರುವಾಗ ಜತೆಗೆ ತರುವ ಖನಿಜ ಅಲ್ಪ. ಹಾಗಾಗಿ ಇಲ್ಲಿನ ತೆರೆದ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಪಿಎಚ್ 7ಕ್ಕಿಂತ ಕೆಳಗಿರುವುದೇ ಹೆಚ್ಚು, 6ರ ಆಸುಪಾಸಿನದೂ ಅಪರೂಪವಲ್ಲ. ಬಟ್ಟೆ ಒಗೆಯುವಾಗ ಸಾಬೂನು ಸಲೀಸಾಗಿ ನೊರೆ ಕೊಡುವುದು ಈ ಮೆದುತನದಿಂದಲೇ. ಕುಡಿಯಲು ಹಿತವಾದ ಈ ನೀರು ಗೋಲ್ಡ್‌ಫಿಶ್‌ಗೆ ಅಷ್ಟು ಹಿತವಲ್ಲ. ಅದಕ್ಕೆ ಒಗ್ಗುವುದು ಪಿಎಚ್ 7ರಿಂದ 8ರ ನಡುವಿನ, ಸ್ವಲ್ಪ ಗಡಸಾದ ನೀರು. ಇದಕ್ಕಿಂತ ದೊಡ್ಡ ತೊಡಕು ಫಿಲ್ಟರಿನದು. ಬ್ಯಾಕ್ಟೀರಿಯಾಗಳು ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕವನ್ನು ಮಾರ್ಪಡಿಸುವಾಗ ನೀರಿನಲ್ಲಿರುವ ಸುಮಾರು 7 ಮಿಲಿಗ್ರಾಂ ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಡೆದುಕೊಳ್ಳುವ ಶಕ್ತಿಯನ್ನು ಖರ್ಚು ಮಾಡುತ್ತವೆ. ಲೆಕ್ಕಕ್ಕಾಗಿ ಬಾವಿ ನೀರಿನ ಕ್ಷಾರತೆ ಲೀಟರಿಗೆ 30 ಮಿಲಿಗ್ರಾಂ ಎಂದು ಹಿಡಿಯೋಣ. ಹತ್ತು ಸೆಂಟಿಮೀಟರಿನ ಎರಡು ಮೀನಿರುವ ಎರಡಡಿ ಟ್ಯಾಂಕಿನಲ್ಲಿ ಅದು ಆರು ದಿನದೊಳಗೆ ಬರಿದಾಗುತ್ತದೆ. ಮೂರಡಿ ಟ್ಯಾಂಕಿನಲ್ಲಿ ಹದಿನೆಂಟು ಹತ್ತೊಂಬತ್ತು ದಿನ ಬರುತ್ತದೆ. ವಾರಕ್ಕೊಮ್ಮೆ ನೀರು ಬದಲಿಸುವ ಮನೆಯಲ್ಲಿ ಮೊದಲನೆಯದು ಪ್ರತಿ ವಾರವೂ ಅಂಚಿಗೆ ಬಂದು ನಿಲ್ಲುತ್ತದೆ, ಎರಡನೆಯದರಲ್ಲಿ ಒಂದು ವಾರ ತಪ್ಪಿದರೂ ಮೀನಿಗೆ ಗೊತ್ತಾಗುವುದಿಲ್ಲ.

ಕ್ಷಾರತೆ ಮುಗಿದಾಗ ಪಿಎಚ್ ಕುಸಿಯುತ್ತದೆ, 6.5ಕ್ಕಿಂತ ಕೆಳಗೆ ಬ್ಯಾಕ್ಟೀರಿಯಾಗಳು ಕೆಲಸ ನಿಧಾನಿಸುತ್ತವೆ, ಅಮೋನಿಯಾ ಸೇರುತ್ತ ಹೋಗುತ್ತದೆ. ಆಮ್ಲೀಯ ನೀರಿನಲ್ಲಿ ಅಮೋನಿಯಾದ ಬಹುಪಾಲು ಅಷ್ಟು ವಿಷವಲ್ಲದ ರೂಪದಲ್ಲಿರುವುದರಿಂದ ಮೀನು ತಕ್ಷಣ ಸಾಯುವುದಿಲ್ಲ. ತಿನ್ನುವುದು ಕಡಿಮೆಯಾಗುತ್ತದೆ, ಮೂಲೆ ಹಿಡಿಯುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಬೌಲಿನಲ್ಲಿ ಅಡಕವಾಗಿ ಹೊಂದಿಕೊಂಡಿದೆ ಎಂದು ಮನೆಯವರು ಮೆಚ್ಚುವುದು ಈ ಸ್ಥಿತಿಯನ್ನು. ಇಂಥ ಟ್ಯಾಂಕಿಗೆ ಒಂದು ದಿನ ಒಮ್ಮೆಲೇ ಬೇರೆ ಕಡೆಯ ಗಡಸು ನೀರು ಸುರಿದರೆ ಅಪಾಯ. ಪಿಎಚ್ ಒಂದಂಕ ಏರಿದರೆ ಅಮೋನಿಯಾದ ವಿಷಕಾರಿ ಪಾಲು ಸುಮಾರು ಹತ್ತುಪಟ್ಟಾಗುತ್ತದೆ. ನೀರು ಬದಲಿಸಿದ್ದಕ್ಕೇ ಮೀನು ಸತ್ತಿತು ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ತಿಂಗಳುಗಟ್ಟಲೆ ಬದಲಿಸದೆ ಇದ್ದದ್ದು ಅಸಲು ಕಾರಣ.

ಇನ್ನು ಸೆಕೆ. ಇಪ್ಪತ್ತು ಡಿಗ್ರಿಯ ನೀರು ಲೀಟರಿಗೆ 9.1 ಮಿಲಿಗ್ರಾಂ ಆಮ್ಲಜನಕ ಹಿಡಿದಿಡಬಲ್ಲುದು, ಮೂವತ್ತು ಡಿಗ್ರಿಯಲ್ಲಿ 7.5 ಮಾತ್ರ. ಅದೇ ಹತ್ತು ಡಿಗ್ರಿ ಏರಿಕೆಗೆ ಮೀನಿನ ಉಸಿರಾಟ, ಜೀರ್ಣಕ್ರಿಯೆಯ ವೇಗ ಹೆಚ್ಚುಕಡಿಮೆ ಎರಡುಪಟ್ಟಾಗುತ್ತದೆ. ನೀರಿನಲ್ಲಿ ಉಸಿರು ಕಡಿಮೆ, ಬೇಡಿಕೆ ದುಪ್ಪಟ್ಟು. ಇಂಗ್ಲೆಂಡಿನ ತಂಪು ಕೋಣೆಯಲ್ಲಿ ಒಂದು ಮೀನಿಗೆ ಸಾಕಾಗುವ ನೀರು ಏಪ್ರಿಲ್ ಮೇ ತಿಂಗಳ ಮಂಜೇಶ್ವರದಲ್ಲಿ ಸಾಕಾಗದು ಎನ್ನಲು ಇಷ್ಟೇ ಆಧಾರ ಸಾಕು. ಆಮ್ಲಜನಕ ನೀರಿಗೆ ಇಳಿಯುವುದು ಮೇಲ್ಮೈಯಿಂದ. ಆದ್ದರಿಂದ ಒಂದೇ ಲೀಟರು ಹಿಡಿಯುವ ಎರಡು ಟ್ಯಾಂಕುಗಳಲ್ಲಿ ಎತ್ತರದ್ದಕ್ಕಿಂತ ಅಗಲದ್ದು ಮೇಲು. ಕತ್ತಿನವರೆಗೆ ನೀರು ತುಂಬಿದ ದುಂಡು ಬೌಲಿನ ಬಾಯಿ ಕಿರಿದು, ಅದು ಎಲ್ಲಕ್ಕಿಂತ ಕನಿಷ್ಠ. ಜೂನಿನಿಂದ ಆಚೆಗೆ ಗಾಳಿಮಳೆಗೆ ಕರೆಂಟ್ ಹೋದರೆ ಏರ್ ಪಂಪು ನಿಲ್ಲುತ್ತದೆ. ಆಗ ಚಿಕ್ಕ ಟ್ಯಾಂಕಿನ ಮೀನು ಸ್ವಲ್ಪ ಹೊತ್ತಿಗೇ ಮೇಲೆ ಬಂದು ಬಾಯಿ ಬಿಡತೊಡಗುತ್ತದೆ, ಅಗಲವಾದ, ಮೀನು ಕಡಿಮೆಯಿರುವ ಟ್ಯಾಂಕಿನದು ರಾತ್ರಿ ಕಳೆಯುತ್ತದೆ.

ಎದುರು ಮಾತುಗಳು

ನೀರೇ ಮುಖ್ಯ ಎಂದ ಮೇಲೆ ಬೌಲಿನ ನೀರನ್ನು ದಿನಾ ಬದಲಿಸಿದರೆ ಆಯಿತಲ್ಲ, ದೊಡ್ಡ ಟ್ಯಾಂಕ್ ಯಾಕೆ ಎಂಬುದು ನ್ಯಾಯವಾದ ಪ್ರಶ್ನೆ. ತತ್ವದಲ್ಲಿ ಸರಿ. ಮರಿ ಉತ್ಪಾದಿಸುವವರು ಚಿಕ್ಕ ತೊಟ್ಟಿಗಳಲ್ಲಿ ದಿನವೂ ನೀರು ಬದಲಿಸಿ, ಗಾಳಿ ಹಾಯಿಸಿ ಮರಿಗಳನ್ನು ಬೆಳೆಸುತ್ತಾರೆ. ಆದರೆ ಅವರಿಗೆ ಅದು ಹೊಟ್ಟೆಪಾಡಿನ ಕೆಲಸ, ಮರಿ ಅಲ್ಲಿರುವುದು ಕೆಲವೇ ವಾರ. ಮನೆಯಲ್ಲಿ ಹತ್ತು ವರ್ಷ ಒಂದು ದಿನವೂ ತಪ್ಪದೆ ನೀರು ಬದಲಿಸುವವರು ಯಾರು? ಮದುವೆ, ಜಾತ್ರೆ, ಮಕ್ಕಳ ಪರೀಕ್ಷೆ, ಜ್ವರ ಬಂದೇ ಬರುತ್ತವೆ. ಬೇಸಿಗೆಯ ಕೊನೆಗೆ ಬಾವಿಯ ನೀರು ತಳ ಕಾಣುವ ಮನೆಗಳೂ ಇಲ್ಲಿವೆ. ದೊಡ್ಡ ಟ್ಯಾಂಕ್ ಎಂದರೆ ನಮ್ಮ ಮರೆವಿಗೆ, ಅಸಡ್ಡೆಗೆ, ಅನಿವಾರ್ಯಕ್ಕೆ ಮೊದಲೇ ತೆಗೆದಿಟ್ಟ ಮುಂಗಡ. ಅದಲ್ಲದೆ ದಿನವೂ ಪೂರ್ತಿ ನೀರು ಚೆಲ್ಲಿದರೆ ಉಷ್ಣತೆ, ಪಿಎಚ್ ದಿನಕ್ಕೊಮ್ಮೆ ಏರಿಳಿಯುತ್ತವೆ. ಹದಿನೈದು ಸೆಂಟಿಮೀಟರಿನ ಮೀನಿಗೆ ಇಪ್ಪತ್ತು ಸೆಂಟಿಮೀಟರಿನ ಬೌಲಿನಲ್ಲಿ ತಿರುಗಲೂ ಆಗದು ಎಂಬುದು ಬೇರೆಯೇ ಮಾತು. ಅದನ್ನು ನೀರು ಬದಲಿಸಿ ಸರಿಪಡಿಸಲಾಗದು. ಇಟಲಿಯ ಮೊಂಜಾ ನಗರ 2004ರಲ್ಲಿ, ರೋಮ್ 2005ರಲ್ಲಿ ದುಂಡು ಬೌಲಿನಲ್ಲಿ ಗೋಲ್ಡ್‌ಫಿಶ್ ಇಡುವುದನ್ನೇ ನಿಷೇಧಿಸಿದವು.

ಇನ್ನೊಂದು ಎದುರು ಮಾತು ದೀರ್ಘಾಯುಸ್ಸಿನದು. ಇಂಗ್ಲೆಂಡಿನ ಟಿಶ್ ಎಂಬ ಗೋಲ್ಡ್‌ಫಿಶ್ 1956ರಲ್ಲಿ ಜಾತ್ರೆಯ ಬಹುಮಾನವಾಗಿ ಒಂದು ಮನೆ ಸೇರಿ 1999ರಲ್ಲಿ ಸತ್ತಿತು, 43 ವರ್ಷ. ಗಾತ್ರದಲ್ಲಿ ಅದು ಚಿಕ್ಕದೇ. ಗಿಡ್ಡವಾಗಿದ್ದೂ ಇಷ್ಟು ಬಾಳಬಹುದಾದರೆ ತೊಂದರೆ ಏನು ಎನ್ನಬಹುದು. ಒಂದು ಮೀನು ದಾಖಲೆಯ ಪುಸ್ತಕ ಸೇರಿದ್ದೇ ಅದು ಅಪವಾದವೆಂದು ಹೇಳುತ್ತದೆ. ಜಾತ್ರೆಯಲ್ಲಿ ಗೆದ್ದು ತಂದು ವಾರದೊಳಗೆ ಸತ್ತ ಮೀನುಗಳನ್ನು ಯಾರೂ ದಾಖಲಿಸುವುದಿಲ್ಲ. ಟಿಶ್ ಇದ್ದದ್ದು ಯಾರ್ಕ್‌ಶೈರಿನ ತಂಪಿನಲ್ಲಿ ಎಂಬುದನ್ನೂ ಮರೆಯುವಂತಿಲ್ಲ. ತಂಪು ನೀರಿನಲ್ಲಿ ಮೀನಿನ ಬದುಕು ನಿಧಾನ, ಬೆಳವಣಿಗೆಯೂ ನಿಧಾನ, ಆಯುಸ್ಸು ಹೆಚ್ಚು. ಅದನ್ನು ನೋಡಿ ಮೂವತ್ತು ಡಿಗ್ರಿಯಲ್ಲಿ ಬೌಲ್ ಇಟ್ಟರೆ ಫಲ ಬೇರೆಯಾಗುತ್ತದೆ. ದೊಡ್ಡ ಟ್ಯಾಂಕಿನಲ್ಲೂ ಮೀನು ಬೆಳೆಯಲಿಲ್ಲ ಎನ್ನುವವರೂ ಇದ್ದಾರೆ. ಅದೂ ಆಗುತ್ತದೆ. ತಳಿ, ಆಹಾರ, ಮರಿಯಾಗಿದ್ದಾಗ ಅನುಭವಿಸಿದ ಇಕ್ಕಟ್ಟು ಇವಕ್ಕೂ ಪಾಲಿದೆ. ಜಾಗ ಕೊಟ್ಟ ಮಾತ್ರಕ್ಕೆ ಬೆಳೆಯುತ್ತದೆ ಎಂಬ ಖಾತ್ರಿಯಿಲ್ಲ, ಆದರೆ ಇಕ್ಕಟ್ಟಿನಲ್ಲಿ ಇಟ್ಟರೆ ಉಳಿದ ಯಾವ ಆರೈಕೆಯೂ ಪೂರ್ತಿ ಫಲ ಕೊಡದು.

ಹಾಗಾದರೆ ಏನು ಮಾಡಬೇಕು?

ಅಳತೆ ತಿಳಿಯುವುದು ಸುಲಭ. ಉದ್ದ, ಅಗಲ, ಎತ್ತರವನ್ನು ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28.3ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. ಅದರಲ್ಲಿ ಹತ್ತರಿಂದ ಹದಿನೈದು ಶೇಕಡಾ ಕಳೆಯಿರಿ. ಈ ಊರಿನ ನೀರು, ಸೆಕೆ ಲೆಕ್ಕ ಹಾಕಿದರೆ ಉರುಟು ಮೈಯ ಎರಡು ಗೋಲ್ಡ್‌ಫಿಶ್‌ಗೆ 3×1.5×1.5 ಅಡಿಯ ಟ್ಯಾಂಕ್ ಕನಿಷ್ಠ ಎಂದು ಹಿಡಿಯುವುದು ವಿವೇಕ. ಮೂರು ಮೀನು ಬೇಕೆಂದರೆ ಉದ್ದ ನಾಲ್ಕು ಅಡಿ ಆಗಲಿ. ಎರಡಡಿ ಟ್ಯಾಂಕ್ ಮರಿಗಳಿಗೆ ಮೊದಲ ಕೆಲವು ತಿಂಗಳ ತಂಗುದಾಣವಾಗಬಹುದು, ಕಾಯಂ ಮನೆಯಾಗದು. ಒಂಟಿ ಬಾಲದ ಕಾಮೆಟ್‌ಗೆ ಮನೆಯೊಳಗಿನ ಯಾವ ಟ್ಯಾಂಕೂ ಬಹುಕಾಲ ಸಾಲದು. ಸಾವಿರ ಲೀಟರಿಗೆ ಕಡಿಮೆಯಿಲ್ಲದ ಹೊರಗಿನ ಸಿಮೆಂಟ್ ತೊಟ್ಟಿಯೇ ಅದಕ್ಕೆ ಸರಿ. ಮೂರಡಿ ಟ್ಯಾಂಕಿಗೆ ಎಂಟು ಮಿಲಿಮೀಟರ್ ಗಾಜು ಇರಲಿ. ನೀರು, ಗಾಜು, ಮರಳು ಸೇರಿ ಇನ್ನೂರು ಕಿಲೋ ದಾಟುವುದರಿಂದ ಹಳೆಯ ಮೇಜಿನ ಮೇಲೆ ಇಡುವ ಯೋಚನೆ ಬೇಡ, ಕಬ್ಬಿಣದ ಸ್ಟ್ಯಾಂಡ್ ಮಾಡಿಸಿ. ಬಿಸಿಲು ಬೀಳುವ ಕಿಟಕಿಯ ಬಳಿಯೂ ಬೇಡ.

ಟ್ಯಾಂಕ್ ಇಟ್ಟ ದಿನವೇ ಮೀನು ತರಬೇಡಿ. ಸ್ಪಂಜ್ ಫಿಲ್ಟರನ್ನು ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರವನ್ನು ಖಾಲಿ ನೀರಿಗೇ ಹಾಕುತ್ತ ನಾಲ್ಕರಿಂದ ಆರು ವಾರ ಬಿಟ್ಟರೆ ಬ್ಯಾಕ್ಟೀರಿಯಾ ನೆಲೆಸುತ್ತವೆ. ಸಾಕಿದವರ ಮನೆಯ ಹಳೆಯ ಸ್ಪಂಜಿನ ತುಂಡು ಸಿಕ್ಕಿದರೆ ಈ ಕಾಲ ಇನ್ನೂ ಕಡಿಮೆಯಾಗುತ್ತದೆ. ಮೆದು ನೀರಿನ ಸಮಸ್ಯೆಗೆ ಕಡಲತೀರದವರಿಗೆ ಮದ್ದು ಮನೆಬಾಗಿಲಲ್ಲೇ ಇದೆ. ಊಟ ಮುಗಿದ ಮೇಲೆ ಉಳಿಯುವ ಮರುವಾಯಿಯ ಚಿಪ್ಪನ್ನು ಉಪ್ಪು, ಮಾಂಸ ಉಳಿಯದಂತೆ ತೊಳೆದು, ಕುದಿಸಿ, ಒಣಗಿಸಿ, ಜಜ್ಜಿ, ಒಂದೆರಡು ಹಿಡಿಯಷ್ಟನ್ನು ಬಲೆಯ ಚೀಲದಲ್ಲಿ ಕಟ್ಟಿ ಫಿಲ್ಟರಿನ ನೀರು ಹರಿಯುವಲ್ಲಿ ಇಡಿ. ಅದು ಸುಣ್ಣದ ಕಲ್ಲಿನದೇ ವಸ್ತು. ನೀರು ಆಮ್ಲೀಯವಾದಷ್ಟೂ ಬೇಗ ಕರಗಿ ಕ್ಷಾರತೆ ಕೊಡುತ್ತದೆ, ಪಿಎಚ್ ಏರಿದಂತೆ ಕರಗುವುದು ನಿಧಾನವಾಗುತ್ತದೆ. ಆದರೆ ತಿಂಗಳುಗಟ್ಟಲೆ ಬದಲಿಸದ ಹಳೆಯ ಟ್ಯಾಂಕಿಗೆ ಒಮ್ಮೆಲೇ ಹಾಕಬೇಡಿ. ಮೊದಲು ಕೆಲವು ದಿನ ಸ್ವಲ್ಪ ಸ್ವಲ್ಪವೇ ನೀರು ಬದಲಿಸಿ ಅಮೋನಿಯಾ ಇಳಿಸಿ, ಆಮೇಲೆ ಚಿಪ್ಪು. ಪಿಎಚ್ ಪಟ್ಟಿ ಮತ್ತು ಅಮೋನಿಯಾ ಪರೀಕ್ಷೆಯ ಕಿಟ್ ಆಟಿಕೆಯ ಗೊಂಬೆ, ಬಣ್ಣದ ಕಲ್ಲುಗಳಿಗಿಂತ ಹೆಚ್ಚು ಬೆಲೆಬಾಳುತ್ತವೆ.

ವಾರಕ್ಕೊಮ್ಮೆ ಮೂರನೆಯ ಒಂದು ಪಾಲು ನೀರು ಬದಲಿಸಿ. ಮೂರಡಿ ಟ್ಯಾಂಕಿಗೆ ಅದು ಇಪ್ಪತ್ತು ಲೀಟರಿನ ಮೂರು ಬಕೆಟ್. ಹೊರಗೆ ತೆಗೆದ ನೀರು ಬಾಳೆಗೆ, ತೆಂಗಿಗೆ ಒಳ್ಳೆಯ ಗೊಬ್ಬರ, ಚರಂಡಿಗೆ ಚೆಲ್ಲಬೇಡಿ. ಬಾವಿಯಿಂದ ಆಗಷ್ಟೇ ಸೇದಿದ ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚು, ಆಮ್ಲಜನಕ ಕಡಿಮೆ ಇರುತ್ತದೆ. ಬಕೆಟಿನಲ್ಲಿ ಒಂದು ರಾತ್ರಿ ಇಟ್ಟು, ಸಾಧ್ಯವಾದರೆ ಗಾಳಿ ಹಾಯಿಸಿ ಬಳಸಿ. ನಳ್ಳಿ ನೀರಾದರೆ ಕ್ಲೋರಿನ್ ಹೋಗಲೂ ಇದೇ ಉಪಾಯ. ಮಳೆಗಾಲದಲ್ಲಿ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವ ರೂಢಿ ನಮ್ಮಲ್ಲಿದೆ, ಕ್ಲೋರಿನ್ ವಾಸನೆ ಪೂರ್ತಿ ಹೋಗುವ ತನಕ ಆ ನೀರು ಟ್ಯಾಂಕಿಗೆ ಬೇಡ. ತುರ್ತಿದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕ ಹಾಕಿ. ಸಮುದ್ರಕ್ಕೆ ಹತ್ತಿರದ ಬಾವಿಗಳಲ್ಲಿ ಮೇ ತಿಂಗಳಿಗೆ ಉಪ್ಪಿನ ರುಚಿ ಬರುವುದುಂಟು. ಅಲ್ಪ ಉಪ್ಪನ್ನು ಗೋಲ್ಡ್‌ಫಿಶ್ ತಾಳಿಕೊಳ್ಳುತ್ತದೆ, ಒಮ್ಮೆಲೇ ಆಗುವ ಬದಲಾವಣೆಯನ್ನು ಅಲ್ಲ. ಫಿಲ್ಟರಿನ ಸ್ಪಂಜನ್ನು ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಿರಿ, ಸಾಬೂನು ತಾಗಿಸಬೇಡಿ. ಆಹಾರ ಎರಡು ನಿಮಿಷದಲ್ಲಿ ಮುಗಿಯುವಷ್ಟು ಮಾತ್ರ, ದಿನಕ್ಕೆ ಎರಡು ಸಲ. ಕರೆಂಟ್ ಇಲ್ಲದ ದಿನ ಆಹಾರವೇ ಬೇಡ. ಬ್ಯಾಟರಿಯಲ್ಲಿ ಓಡುವ ಏರ್ ಪಂಪ್ ಒಂದನ್ನು ಮೇ ಮುಗಿಯುವ ಮೊದಲೇ ತಂದಿಡಿ.

ಜಾಗವಿರುವ ಮನೆಗಳಿಗೆ ಹೊರಗಿನ ಸಿಮೆಂಟ್ ತೊಟ್ಟಿ ಗಾಜಿಗಿಂತ ಅಗ್ಗ, ಮೀನಿಗೂ ಹಿತ. ಹೊಸ ಸಿಮೆಂಟು ನೀರನ್ನು ವಿಪರೀತ ಕ್ಷಾರೀಯಗೊಳಿಸುವುದರಿಂದ ಎರಡು ಮೂರು ವಾರ ನೀರು ತುಂಬಿ ಚೆಲ್ಲಿ, ಪಿಎಚ್ 8ರ ಆಸುಪಾಸಿಗೆ ಇಳಿದ ಮೇಲೆ ಮೀನು ಬಿಡಿ. ಅರ್ಧಕ್ಕಾದರೂ ನೆರಳು ಬೇಕು, ಮಿಂಚುಳ್ಳಿ, ಕೊಕ್ಕರೆ, ಬೆಕ್ಕು ಬಾರದಂತೆ ಬಲೆ ಬೇಕು. ಜೂನ್ ಜುಲೈಯ ಮಳೆ ನೇರ ಬಿದ್ದರೆ ಎರಡು ಅಪಾಯ: ಮಳೆನೀರಿನಲ್ಲಿ ಕ್ಷಾರತೆ ಇಲ್ಲದ ಕಾರಣ ತೊಟ್ಟಿಯ ನೀರು ಮೆದುವಾಗುತ್ತ ಹೋಗುತ್ತದೆ, ತೊಟ್ಟಿ ತುಂಬಿ ಹರಿದರೆ ಮೀನು ತೋಡು ಸೇರುತ್ತದೆ. ಶೀಟಿನ ಮಾಡು, ಬಲೆ ಕಟ್ಟಿದ ತೂಬು ಎರಡಕ್ಕೂ ಪರಿಹಾರ.

ಈಗಾಗಲೇ ಬೌಲಿನಲ್ಲಿ ಗಿಡ್ಡವಾದ ಮೀನಿದ್ದರೆ ಕೈಬಿಡಬೇಕಾಗಿಲ್ಲ. ಮೈಗಿಂತ ತಲೆ, ಕಣ್ಣು ದೊಡ್ಡದಾಗಿ ಕಾಣುವುದು, ತಿಂಗಳುಗಟ್ಟಲೆ ಉದ್ದ ಹೆಚ್ಚದಿರುವುದು ಕುಗ್ಗಿದ್ದರ ಲಕ್ಷಣ. ಮರಿ ವಯಸ್ಸಿನದಾದರೆ ದೊಡ್ಡ ಟ್ಯಾಂಕಿಗೆ ಬಂದ ಮೇಲೆ ಚೇತರಿಸಿಕೊಂಡು ಬೆಳೆಯುತ್ತದೆ. ವರ್ಷಗಟ್ಟಲೆ ಕುಗ್ಗಿದ್ದು, ಬೆನ್ನು ಡೊಂಕಾದದ್ದು ಪೂರ್ಣ ಗಾತ್ರಕ್ಕೆ ಬಾರದಿದ್ದರೂ ಚುರುಕಾಗುತ್ತದೆ. ಸ್ಥಳಾಂತರ ಮಾತ್ರ ನಿಧಾನವಾಗಿರಲಿ. ಹಳೆಯ ನೀರಿಗೆ ಹೊಸ ನೀರನ್ನು ಒಂದೆರಡು ಗಂಟೆಯ ಕಾಲ ಸ್ವಲ್ಪ ಸ್ವಲ್ಪವಾಗಿ ಬೆರೆಸುತ್ತ ಬನ್ನಿ. ರೋಗದ ಗುಮಾನಿಯಿದ್ದರೆ ಮಂಗಳೂರಿನಲ್ಲಿ 1969ರಿಂದ ನಡೆಯುತ್ತಿರುವ ಮೀನುಗಾರಿಕಾ ಮಹಾವಿದ್ಯಾಲಯದವರಲ್ಲಿ ವಿಚಾರಿಸಬಹುದು. ದೊಡ್ಡದಾಯಿತು, ಇನ್ನು ಸಾಕಲಾಗದು ಎನಿಸಿದರೆ ಅಂಗಡಿಗೋ ತೊಟ್ಟಿ ಇರುವವರಿಗೋ ಕೊಡಿ. ಮದಕ, ತೋಡು, ಹೊಳೆಗಳಿಗೆ ಬಿಡಬೇಡಿ. ಮಂಜೇಶ್ವರ ಹೊಳೆಯ ಉದ್ದ ಬರೀ 16 ಕಿಲೋಮೀಟರ್, ಕೇರಳದಲ್ಲೇ ಅತಿ ಚಿಕ್ಕ ನದಿ ಅದು. ಕೆಸರು ಕೆದಕಿ ತಿನ್ನುವ ಹೊರಗಿನ ಮೀನು ಅಂಥ ಕಿರಿದಾದ ನೀರಿನಲ್ಲಿ ನೆಲೆಯಾದರೆ ಊರ ಮೀನುಗಳಿಗೆ ಜಾಗ ಉಳಿಯುವುದಿಲ್ಲ. ಕೇರಳದ 2018ರ ನೆರೆಯ ನಂತರ ದಕ್ಷಿಣ ಅಮೆರಿಕದ ಅರಪೈಮಾ ಮೀನು ರಾಜ್ಯದ ಹೊಳೆಗಳಲ್ಲಿ ಬಲೆಗೆ ಬಿದ್ದದ್ದು ಸಾಕಿದ ಮೀನು ಹೊರಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಎಚ್ಚರಿಕೆ.

ಮೂರಡಿ ಟ್ಯಾಂಕಿಗೆ ಜಾಗವೋ ಹಣವೋ ಇಲ್ಲದಿದ್ದರೆ ಅದರಲ್ಲಿ ನಾಚಿಕೆಯಿಲ್ಲ. ಆಗ ಆರಿಸಬೇಕಾದದ್ದು ಬೇರೆ ಮೀನು. ಇಪ್ಪತ್ತು ಲೀಟರಿನಲ್ಲಿ ಒಂಟಿ ಫೈಟರ್ ಮೀನು ಚೆನ್ನಾಗಿ ಬದುಕುತ್ತದೆ, ಅದಕ್ಕೆ ನಮ್ಮ ಮೆದು ನೀರೂ ಸೆಕೆಯೂ ಒಗ್ಗುತ್ತವೆ. ಎರಡಡಿ ಟ್ಯಾಂಕಿನಲ್ಲಿ ನಮ್ಮ ದೇಶದ್ದೇ ಆದ ಜೀಬ್ರಾ ಡಾನಿಯೋಗಳ ಚಿಕ್ಕ ಗುಂಪನ್ನು ಸಾಕಬಹುದು. ಗೋಲ್ಡ್‌ಫಿಶ್‌ಅನ್ನೇ ಸಾಕಬೇಕೆಂದಿದ್ದರೆ ಮೊದಲು ಟ್ಯಾಂಕ್ ಕೊಳ್ಳಿ, ತಿಂಗಳು ಕಳೆದ ಮೇಲೆ ಮೀನು ಕೊಳ್ಳಿ. ಟ್ಯಾಂಕನ್ನು ಇವತ್ತಿನ ಮರಿಗಲ್ಲ, ಮೂರು ವರ್ಷದ ನಂತರದ ಮೀನಿಗೆ ಅಳೆದು ಆರಿಸಿ.